ಡಬ್ಬಿಯೊಳಗಿನ ರೇವತಿ

"ನಾಯಿಗೆ ವಿಷಾ ಹಾಕಿದವರು ನಿನ್ನ ಮನ್ಯಾಗ ಅದಾರ, ನನ್ನ ಮನ್ಯಾಗ ಹುಡುಕಬ್ಯಾಡ. ನಾ ಕೊಟ್ಟದ್ದು ಅರ್ಧ ಗುಳಗಿ. ಅದೂ ಡಬ್ಬಿ ಹೇಳಿದ ಮ್ಯಾಲ."

ಹೀಗೆಂದು ರೊಟ್ಟಿ ಮಾರುವ ಮುದುಕಿ ತಿಪ್ಪವ್ವ ಜೋಳದ ಹಿಟ್ಟು ಮೆತ್ತಿದ ಕೈಯನ್ನು ಅದೇ ಓಣಿಯ ಗೌರವ್ವನ ಮೂಗಿನ ಮುಂದೆ ಆಡಿಸಿದಳು. ಗೌರವ್ವ ಬಿಡುವ ಹೆಂಗಸಲ್ಲ. ಡಬ್ಬಿ ತನಗೂ ಹೇಳಿದೆ, ತಾನೂ ಅರ್ಧವೇ ಕೊಟ್ಟದ್ದು, ರೊಟ್ಟಿ ಮಾರುವ ಕೈಯಿಂದ ಏನೇನು ಹೋಯಿತೋ ಯಾರು ಕಂಡಿದ್ದಾರೆ ಎಂದು ಅವಳೂ ಏರಿ ಹೋದಳು. ನಡುವೆ ಟೇಲರ್ ಖಾದರಸಾಬ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಓಡಿಬಂದು, ಮೊದಲು ನಾಯಿಯನ್ನು ನೋಡಿ, ಆಮೇಲೆ ಹೊಡೆದಾಡಿ ಎಂದು ಇಬ್ಬರನ್ನೂ ಗದರಿದ. ಅವನನ್ನು ಇಬ್ಬರೂ ಸೇರಿ ಬೈದರು. ಅವನೂ ದಿನಾ ಅಂಗಡಿಯ ಮೆಟ್ಟಿಲ ಮೇಲೆ ನಾಯಿಗೆ ಏನೋ ತಿನ್ನಿಸುತ್ತಿದ್ದುದನ್ನು ಓಣಿಯೇ ನೋಡಿತ್ತು.

ನಾಯಿ ಮಾತ್ರ ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ತಿಪ್ಪವ್ವನ ಬಾಗಿಲ ಮುಂದಿನ ಗಟಾರದ ಪಕ್ಕದ ಗೋಣಿಚೀಲದ ಮೇಲೆ ಮೋತ್ಯಾ ಕಾಲು ಚಾಚಿ ಮಲಗಿತ್ತು. ಬಾಯಿಯ ಬಳಿ ಕಾಫಿಯ ಗಸಿಯಂಥ ವಾಂತಿ. ಬಾಲದ ಹತ್ತಿರ ಡಾಂಬರಿನಂತೆ ಕಪ್ಪಾದ ಹೇಲು.

ಗೌರವ್ವನ ಮಗಳು ರೇವತಿ ಸ್ಕೂಟಿಗೆ ಕೀಲಿ ಹಾಕಿದ್ದವಳು ಇಳಿದು ಬಂದಳು. ಅವಳು ಪಶುವೈದ್ಯೆ. ವಾಂತಿಯ ಬಣ್ಣ ನೋಡಿದ ಕೂಡಲೇ ಅವಳಿಗೆ ಹೊಟ್ಟೆಯೊಳಗೆ ರಕ್ತ ಒಸರುತ್ತಿರುವುದು ತಿಳಿಯಿತು. ತುಟಿ ಎತ್ತಿ ವಸಡು ನೋಡಿದಳು, ಬಿಳಿಚಿತ್ತು. ಕತ್ತಿನ ಚರ್ಮ ಹಿಡಿದೆಳೆದು ಬಿಟ್ಟಳು, ಎದ್ದದ್ದು ಹಾಗೇ ನಿಂತಿತು, ಮೈಯ ನೀರು ಬತ್ತಿತ್ತು. ಇದು ವಿಷವಲ್ಲ, ನೋವಿನ ಮಾತ್ರೆ ಅಳತೆ ಮೀರಿದ್ದು ಎಂದು ಅವಳು ಹೇಳುವಷ್ಟರಲ್ಲಿ ತಿಪ್ಪವ್ವನ ಬಾಗಿಲೊಳಗಿನಿಂದ ಒಂದು ದನಿ ಬಂತು. ತಣ್ಣಗಿನ, ತಾಳ್ಮೆಯ, ಅಕ್ಕರೆಯ ದನಿ.

"ಮೋತ್ಯಾನ ಹಿಂಗಾಲು ನೋಯುತ್ತಿದೆ. ಬಿಳಿ ಮಾತ್ರೆ ಅರ್ಧ ಕೊಡಿ. ಊಟದ ಜೊತೆ ಕೊಡಿ."

ಆ ದನಿ ರೇವತಿಯದೇ ಆಗಿತ್ತು.

ಇದನ್ನು ಬಿಡಿಸಿ ಹೇಳಬೇಕು. ಮೂಕವಾಣಿ ಎಂಬ ಕಂಪನಿಯ ಪಟ್ಟಿ ಹುಬ್ಬಳ್ಳಿಯ ನಾಯಿಗಳ ಕೊರಳಿಗೆ ಬಿದ್ದು ಹೆಚ್ಚು ಕಾಲ ಆಗಿರಲಿಲ್ಲ. ಪಟ್ಟಿಯ ಒಳಮೈಯಲ್ಲಿ ಸಣ್ಣ ಬೆಳಕೊಂದಿತ್ತು. ಅದು ಚರ್ಮದಡಿಯ ರಕ್ತದ ಓಟ ನೋಡುತ್ತಿತ್ತು. ಎದೆಬಡಿತ, ಮೈಬಿಸಿ, ನಡಿಗೆಯ ತೂಕ, ನುಂಗಿದ ಸದ್ದು, ಎಲ್ಲವನ್ನೂ ಅಳೆದು ಕಂಪನಿಯ ಕಂಟ್ರೋಲ್ ರೂಮಿಗೆ ಕಳಿಸುತ್ತಿತ್ತು. ಅಲ್ಲಿನ ಯಂತ್ರ ಅದನ್ನು ಸಾವಿರಾರು ನಾಯಿಗಳ ಅಳತೆಯ ಜೊತೆ ಹೋಲಿಸಿ, ಏನಾಗಿದೆ, ಏನು ಕೊಡಬೇಕು ಎಂದು ತೀರ್ಮಾನ ಮಾಡುತ್ತಿತ್ತು. ಹೇಳುವ ಕೆಲಸ ಮನೆಯಲ್ಲಿಟ್ಟ ಡಬ್ಬಿಯದು. ಡಬ್ಬಿಯ ಖಾನೆಗಳಲ್ಲಿ ಬಣ್ಣಬಣ್ಣದ ಮಾತ್ರೆ ಇರುತ್ತಿದ್ದವು. ನಾಯಿ ಬಾಗಿಲ ಹತ್ತಿರ ಬಂದಾಗ ಡಬ್ಬಿ ಮಾತಾಡುವುದು, ಮನೆಯವರು ಖಾನೆ ಎಳೆದು ಮಾತ್ರೆ ತೆಗೆದು ಮುಚ್ಚುವುದು, ಡಬ್ಬಿ ಅದನ್ನು ನೆನಪಿಟ್ಟುಕೊಂಡು ಆ ಹೊತ್ತಿಗೆ ಸುಮ್ಮನಾಗುವುದು. ಇಷ್ಟೇ.

ದನಿಗೆ ಕಂಪನಿ ರೇವತಿಯನ್ನು ಆರಿಸಿತ್ತು. ಅವಳು ಕಂಟ್ರೋಲ್ ರೂಮಿನ ವೈದ್ಯೆ. ಗಾಜಿನ ಕೋಣೆಯಲ್ಲಿ ಕೂರಿಸಿ ವಾರಗಟ್ಟಲೆ ಓದಿಸಿದ್ದರು. ಸಿಟ್ಟಿನ ಹೆಂಗಸು ಅವಳು. ಆದರೆ ಕಾಗದ ನೋಡಿ ಓದುವಾಗ ದನಿ ಹಾಲಿನಂತೆ ಇಳಿಯುತ್ತಿತ್ತು. ನಮ್ಮ ರೇವಿ ಡಬ್ಬಿಯೊಳಗೆ ಕೂತು ನಾಯಿಯ ಕಾಳಜಿ ಮಾಡುತ್ತಾಳೆ ಎಂದು ಓಣಿಗೆ ಹೆಮ್ಮೆಯೋ ಹೆಮ್ಮೆ. ರೇವತಿಗೆ ಮಾತ್ರ ತನ್ನ ದನಿ ಕೇಳಿ ಕೇಳಿ ಬೇಸರ ಬಂದು, ಮನೆಯಲ್ಲಿ ಡಬ್ಬಿ ಮಾತಾಡಲು ಶುರು ಮಾಡಿದರೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು.

ಈಗ ಅವಳು ಮೂವರನ್ನೂ ನಿಲ್ಲಿಸಿ ಕೇಳಿದಳು. ಯಾರ ಮನೆಯಲ್ಲಿ ಡಬ್ಬಿ ಇದೆ? ಮೂವರೂ ತಮ್ಮ ಮನೆಯಲ್ಲಿದೆ ಎಂದರು. ನಾಯಿ ಯಾರದು? ಮೂವರೂ ತಮ್ಮದು ಎಂದರು.

ಸುಳ್ಳೇನೂ ಅಲ್ಲ. ಮೋತ್ಯಾ ಬೆಳಿಗ್ಗೆ ತಿಪ್ಪವ್ವನ ಹಂಚಿನ ಮುಂದೆ ಕೂತು ಮೊದಲ ರೊಟ್ಟಿ ತಿನ್ನುತ್ತಿತ್ತು. ಮಧ್ಯಾಹ್ನ ಖಾದರಸಾಬನ ಹೊಲಿಗೆ ಯಂತ್ರದ ಕೆಳಗೆ ಮಲಗುತ್ತಿತ್ತು. ಸಂಜೆ ಗೌರವ್ವನ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಬೊಗಳುತ್ತಿತ್ತು. ಮೂರು ಮನೆಯವರೂ ಅದನ್ನು ತಮ್ಮ ಮನೆಯ ನಾಯಿ ಎಂದೇ ತಿಳಿದಿದ್ದರು, ಉಳಿದವರು ಪ್ರೀತಿಯಿಂದ ಏನೋ ಹಾಕುತ್ತಾರೆ ಎಂದುಕೊಂಡಿದ್ದರು. ಕಂಪನಿಯವರು ನಾಯಿಯ ಮೂಗಿನ ಚಿತ್ರ ತೆಗೆದುಕೊಂಡು ಹೆಸರು ಬರೆಸಿದರೆ ಡಬ್ಬಿ, ಪಟ್ಟಿ ಎರಡೂ ಕೊಡುತ್ತೇವೆ ಎಂದಾಗ ಮೂವರೂ ಬರೆಸಿದ್ದರು. ಮೂರು ಪಟ್ಟಿ ಬಂದವು. ಒಂದು ಮೋತ್ಯಾನ ಕೊರಳಿಗೆ ಬಿತ್ತು, ಎರಡು ಮೊಳೆಗೆ ನೇತುಬಿದ್ದವು. ಡಬ್ಬಿಗಳು ಮಾತ್ರ ಮೂರೂ ಬಾಯಿ ತೆರೆದವು.

ಬೈಕು ತಾಗಿ ಮೋತ್ಯಾ ಕುಂಟತೊಡಗಿದಾಗ ಮೂರೂ ಡಬ್ಬಿಗಳು ಅರ್ಧರ್ಧ ಕೇಳಿದವು. ತಿಪ್ಪವ್ವ ಕೊಟ್ಟದ್ದು ತಿಪ್ಪವ್ವನ ಡಬ್ಬಿಗೆ ಗೊತ್ತು, ಖಾದರಸಾಬನ ಡಬ್ಬಿಗೆ ಗೊತ್ತಿಲ್ಲ. ಯಾರೂ ಮೋಸ ಮಾಡಲಿಲ್ಲ, ಯಾರೂ ಮರೆಯಲೂ ಇಲ್ಲ. ರೊಟ್ಟಿಯ ಚೂರಿನಲ್ಲಿ, ಹಾಲಿನ ಕೆನೆಯಲ್ಲಿ ಅಡಗಿಸಿ ಮೂವರೂ ನಿಯತ್ತಾಗಿ ಕೊಟ್ಟರು. ಆ ಮಾತ್ರೆಗೆ ಹೊಟ್ಟೆ ಹುಣ್ಣಾಯಿತು. ಹುಣ್ಣಿನ ನೋವಿಗೆ ಎದೆ ಜೋರಾಗಿ ಬಡಿಯಿತು. ಪಟ್ಟಿ ಅದನ್ನೂ ಕಾಲಿನ ನೋವೆಂದೇ ಓದಿ ಇನ್ನೂ ಕೊಡಿ ಎಂದಿತು.

ರೇವತಿ ಅಡುಗೆಮನೆಯಿಂದ ಕತ್ತರಿ ತಂದು ಪಟ್ಟಿಯನ್ನು ಕತ್ತರಿಸಿ ಒಗೆದಳು. ಕಿಟಕಿಯ ಸರಳಿಗೆ ಸಲೈನ್ ಬಾಟಲಿ ಕಟ್ಟಿ, ಮೋತ್ಯಾನ ಮುಂಗಾಲಿಗೆ ಸೂಜಿ ಚುಚ್ಚಿದಳು. ಹೊಟ್ಟೆಯ ಹುಣ್ಣಿಗೆ ಸೂಜಿಮದ್ದು ಕೊಟ್ಟಳು. ಬದುಕುತ್ತದೆಯೇ ಎಂದು ಖಾದರಸಾಬ ಕೇಳಿದ್ದಕ್ಕೆ ಉಚ್ಚೆ ಹೊಯ್ದರೆ ಬದುಕುತ್ತದೆ, ಮೂತ್ರಪಿಂಡ ಸತ್ತಿದ್ದರೆ ಇಲ್ಲ ಎಂದಳು. ಸಮಾಧಾನದ ಮಾತು ಅವಳಿಗೆ ಬರುತ್ತಿರಲಿಲ್ಲ. ಅದು ಬರುತ್ತಿದ್ದುದು ಡಬ್ಬಿಗೆ.

ಮೂರೂ ಡಬ್ಬಿ ಕೊಡಿ, ಕಂಪನಿಯವರ ಮೇಜಿನ ಮೇಲೆ ಒಗೆಯುತ್ತೇನೆ ಎಂದು ಕೇಳಿದಳು. ತಾಯಿ ಕೊಟ್ಟಳು, ಖಾದರಸಾಬ ಕೊಟ್ಟ. ತಿಪ್ಪವ್ವ ಬಾಗಿಲಿಗೆ ಅಡ್ಡ ನಿಂತಳು. ತನ್ನನ್ನು ಕಳ್ಳಿಯ ಹಾಗೆ ವಿಚಾರಿಸಿದವರಿಗೆ ಮನೆಯೊಳಗೆ ಕಾಲಿಡಲು ಬಿಡುವುದಿಲ್ಲ ಎಂದಳು. ರೇವತಿ ಹಲ್ಲು ಕಚ್ಚಿಕೊಂಡು, ಇಟ್ಟುಕೋ, ಕುಂಕುಮ ಹಚ್ಚಿ ಪೂಜೆ ಮಾಡು ಎಂದು ಸ್ಕೂಟಿ ಏರಿದಳು. ಆಡಬಾರದ ಮಾತು. ಆದರೆ ಆಡಿಯಾಗಿತ್ತು.

ಕಂಟ್ರೋಲ್ ರೂಮಿನಲ್ಲಿ ಎಂದಿನಂತೆ ಪ್ರಶ್ನೆಗಳ ಸುರಿಮಳೆ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಊರಿನ ನಾಯಿ ಸಾಕಿದವರು, ಬೆಕ್ಕು ಸಾಕಿದವರು ಕೇಳಿದ್ದೆಲ್ಲ ಇರುವೆಸಾಲಿನಂತೆ ಹರಿಯುತ್ತಿತ್ತು. ನಾಯಿ ಹುಲ್ಲು ತಿಂದು ಕಾರಿಕೊಂಡಿತು, ಯಾಕೆ. ಮೂಗು ಒಣಗಿದೆ, ಜ್ವರವೇ. ದೊಡ್ಡ ಬೆಕ್ಕಿಗೆ ಹಾಲು ಕುಡಿಸಿದರೆ ಭೇದಿಯಾಗುತ್ತದೆ, ಏನು ಮಾಡಲಿ. ಉಣ್ಣಿಗೆ ಸೀಮೆಎಣ್ಣೆ ಹಚ್ಚಬಹುದೇ. ಬೆಕ್ಕಿನ ಮೈ ಬಿಸಿಯಾಗಿದೆ, ಮನೆಯಲ್ಲಿ ಮಗುವಿನ ಜ್ವರದ ಮಾತ್ರೆ ಇದೆ, ಚೂರು ಕೊಡಲೇ. ಈ ಕೊನೆಯದನ್ನು ಕಂಡಾಗಲೆಲ್ಲ ರೇವತಿಗೆ ಕುರ್ಚಿಯಿಂದ ಏಳುವ ಹಾಗಾಗುತ್ತಿತ್ತು. ಬೆಕ್ಕನ್ನು ಕೊಲ್ಲಲು ಆ ಚೂರೇ ಸಾಕು. ಹಿಂದೆ ಇಂಥದ್ದಕ್ಕೆಲ್ಲ ಜನ ಆಸ್ಪತ್ರೆಗೆ ಬಂದು ಬೈಸಿಕೊಂಡು ಹೋಗುತ್ತಿದ್ದರು. ಈಗ ಯಂತ್ರ ಅವಳ ದನಿಯಲ್ಲಿ ಬೈಯದೆ ಉತ್ತರಿಸುತ್ತಿತ್ತು. ಅದಕ್ಕೇ ಜನಕ್ಕೆ ಅದು ಇಷ್ಟ.

ಅವಳು ಕುರ್ಚಿ ಎಳೆದು ಕೂತು ಯಂತ್ರಕ್ಕೆ ಒಂದೇ ಪ್ರಶ್ನೆ ಹಾಕಿದಳು. ಒಂದೇ ಮೂಗಿಗೆ ಒಂದಕ್ಕಿಂತ ಹೆಚ್ಚು ಹೆಸರು ಬಂದಿರುವ ನಾಯಿಗಳು ಎಷ್ಟಿವೆ, ಎಲ್ಲಿವೆ ತೋರಿಸು. ಪರದೆಯ ಮೇಲಿನ ಊರಿನ ನಕ್ಷೆಯಲ್ಲಿ ಕೆಂಪು ಚುಕ್ಕೆಗಳು ಎದ್ದವು. ದೊಡ್ಡ ಬಂಗಲೆಗಳ ಕಡೆ ಒಂದೂ ಇಲ್ಲ. ಓಣಿಗಳಿದ್ದ ಕಡೆಯೆಲ್ಲ ಸಿಡುಬು ಎದ್ದ ಹಾಗೆ. ಯಂತ್ರಕ್ಕೆ ಇದು ಮೊದಲೇ ಗೊತ್ತಿತ್ತು. ಮೂಗು ಒಂದೇ ಎಂದು ಗುರುತು ಹಿಡಿದು, ಮೊದಲು ಬರೆಸಿದವರ ಹೆಸರಿಗೆ ನಾಯಿಯನ್ನು ಕಟ್ಟಿ, ಉಳಿದ ಹೆಸರುಗಳನ್ನು ಅಳಿಸಿ ಹಾಕಿತ್ತು. ಡಬ್ಬಿಗಳನ್ನು ವಾಪಸು ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಕಂಪನಿಯ ಮುಖ್ಯಸ್ಥ ಕಮಡೊಳ್ಳಿ ಗಾಜಿನ ಕೋಣೆಯಲ್ಲಿ ಬೆಕ್ಕಿನ ಪಟ್ಟಿಯ ಜಾಹೀರಾತು ನೋಡುತ್ತಿದ್ದ. ನಾಯಿಯದು ಗೆದ್ದಿತ್ತು, ಬರುವ ಸೋಮವಾರ ಬೆಕ್ಕಿನದು ಮಾರುಕಟ್ಟೆಗೆ ಬರುವುದಿತ್ತು. ರೇವತಿ ಎರಡು ಡಬ್ಬಿಗಳನ್ನೂ ಅವನ ಮೇಜಿನ ಮೇಲೆ ಕುಕ್ಕಿದಳು. ಚಹಾದ ಬಟ್ಟಲು ಉರುಳಿತು. ಏನಾಯಿತೆಂದು ಅವಳು ಹೇಳಿದ್ದನ್ನೆಲ್ಲ ಅವನು ಕೇಳಿಸಿಕೊಂಡ. ಕೆಟ್ಟ ಮನುಷ್ಯನ ಹಾಗೆ ಕಾಣುತ್ತಿರಲಿಲ್ಲ. ಅದೇ ಅವಳಿಗೆ ಇನ್ನೂ ಸಿಟ್ಟು ತರಿಸಿತು.

"ಮೇಡಂ, ಒಂದು ನಾಯಿಗೆ ಮೂರು ಮಂದಿ ಮಾಲೀಕರು ಅನ್ನೋದು ನಮ್ಮ ವ್ಯವಸ್ಥಾದಾಗ ಇಲ್ರಿ."

"ಓಣ್ಯಾಗ ಐತಿ."

"ಅದು ಅವರ ತಪ್ಪಲ್ರಿ? ಸುಳ್ಳು ಬರೆಸ್ಯಾರ."

ಯಾರೂ ಸುಳ್ಳು ಬರೆಸಿಲ್ಲ ಎಂದು ಅವಳು ಕೂಗಿದಳು. ಹೊರಗೆ ಕೂತವರೆಲ್ಲ ತಿರುಗಿ ನೋಡಿದರು. ಈ ಊರಿನಲ್ಲಿ ಅರ್ಧಕ್ಕರ್ಧ ನಾಯಿಗಳು ಬದುಕುವುದೇ ಹೀಗೆ, ಎಲ್ಲರ ಬಾಗಿಲಲ್ಲಿ ಉಂಡು ಯಾರ ಬಾಗಿಲಲ್ಲೋ ಮಲಗಿ. ಬೆಕ್ಕಂತೂ ಇನ್ನೂ ಹೆಚ್ಚು ಮನೆ ತಿರುಗುತ್ತದೆ, ಇನ್ನೂ ಸಣ್ಣ ಜೀವ, ಅದಕ್ಕೆ ಒಂದು ಅರ್ಧ ಹೆಚ್ಚಾದರೂ ಹೊತ್ತು ಮುಳುಗುವುದರೊಳಗೆ ಸಾಯುತ್ತದೆ. ಇದನ್ನು ಓಣಿಯಲ್ಲೇ ಹುಟ್ಟಿ ಬೆಳೆದ ತಾನೇ ಯೋಚಿಸಲಿಲ್ಲ, ಬಂಗಲೆಯಲ್ಲಿ ಕೂತು ಪಟ್ಟಿ ಮಾಡಿದವರು ಹೇಗೆ ಯೋಚಿಸುತ್ತಾರೆ. ಆಗಿದ್ದು ಆಯಿತು. ಈಗ ಬಿಳಿ ಮಾತ್ರೆಯ ಮಾತನ್ನು ಎಲ್ಲ ಡಬ್ಬಿಗಳಲ್ಲೂ ನಿಲ್ಲಿಸಿ. ಸಂಜೆಯ ಹೊತ್ತಿನ ಮಾತ್ರೆಗೆ ಮೊದಲೇ ನಿಲ್ಲಿಸಿ.

ಕಮಡೊಳ್ಳಿ ಮೇಜು ಒರೆಸುತ್ತ ವಿವರಿಸಿದ. ಡಬ್ಬಿಗಳು ಒಂದಕ್ಕೊಂದು ಮಾತಾಡಿಕೊಳ್ಳುವ ಹಾಗೆ ಮಾಡಬಹುದು, ಅದಕ್ಕೆ ಮೂರು ವಾರ ಬೇಕು. ಅಲ್ಲಿಯವರೆಗೆ ಒಮ್ಮೆಗೇ ಬಾಯಿ ಮುಚ್ಚಿಸಿದರೆ ಜನ ಗಾಬರಿಯಾಗುತ್ತಾರೆ, ಸೋಮವಾರದ್ದು ಹೋಗಿಯೇ ಹೋಯಿತು. ಬದಲಿಗೆ ಒಂದು ತಿಳಿವಳಿಕೆಯ ಮಾತು ಹಾಕೋಣ. ಎಲ್ಲಿ ಅಳತೆ ಮೀರಿದೆಯೋ ಅಲ್ಲಿ ಡಬ್ಬಿ ಹಾಗಂತ ಹೇಳಲಿ. ಮನೆಯವರು ಎಚ್ಚರವಾಗುತ್ತಾರೆ. ಒಳಗೆ ಹೋಗಿ ಎರಡು ಸಾಲು ಓದಿಬಿಡಿ.

ಅವನು ಮುಂದೆ ಹಿಡಿದ ಸಾಲು ಹೀಗಿತ್ತು. ಇಂಥವರ ಮನೆಯಲ್ಲಿ ಈ ಪ್ರಾಣಿಗೆ ಅಳತೆ ಮೀರಿ ಮಾತ್ರೆ ಕೊಡಲಾಗಿದೆ. ಇದರ ಹೊಣೆ ಮನೆಯವರದು.

"ಇದನ್ನ ನಾ ಓದೂದಿಲ್ಲ," ಎಂದಳು ರೇವತಿ. "ಕೊಡ್ರಿ ಅಂತ ಹೇಳಿದ್ದು ನಾವು. ಕೊಟ್ಟವರ ಕೊರಳಿಗೆ ಕಟ್ಟಾಕ ನನ್ನ ಬಾಯಿ ಬೇಕೇನು ನಿಮಗ?"

ಕಮಡೊಳ್ಳಿ ಮುಜುಗರದಿಂದಲೇ ಹೇಳಿದ. "ಬಾಯಿ ಬೇಕಾಗಿಲ್ರಿ ಮೇಡಂ. ನೀವು ಓದಿದ್ದು ಸಾಕಷ್ಟು ಆಗೇದ. ಯಂತ್ರ ನಿಮ್ಮ ದನಿ ಕಲ್ತದ. ಏನ್ ಬೇಕಾದ್ರೂ ಅಂತದ. ನೀವ ಓದಿದ್ರ ಚಂದ ಇರ್ತಿತ್ತು, ಅಷ್ಟ."

ರೇವತಿಗೆ ಆ ಕ್ಷಣದಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿ ಅವನ ಮುಖಕ್ಕೆ ಒಗೆಯಬೇಕೆನಿಸಿತು. ಒಗೆಯಲಿಲ್ಲ. ಹೊತ್ತು ಇರಲಿಲ್ಲ. ನಕ್ಷೆಯ ಕೆಂಪು ಚುಕ್ಕೆಗಳಲ್ಲಿ ಹತ್ತಿರದ ಓಣಿಗಳನ್ನು ಕಣ್ಣಲ್ಲೇ ಬರೆದುಕೊಂಡು ಕೆಳಗಿಳಿದಳು.

ಮೊದಲ ಓಣಿಯಲ್ಲಿ ಯಾರೂ ಬಾಗಿಲು ತೆರೆಯಲಿಲ್ಲ. ಎರಡನೆಯದರಲ್ಲಿ ಒಬ್ಬ ಹೆಂಗಸು ಬಾಗಿಲಲ್ಲಿ ಮೆಂತೆಸೊಪ್ಪು ಬಿಡಿಸುತ್ತ ಕೂತಿದ್ದಳು. ಪಕ್ಕದಲ್ಲಿ ಕರಿ ನಾಯಿಯೊಂದು ಪಟ್ಟಿ ಹಾಕಿಕೊಂಡು ತೂಕಡಿಸುತ್ತಿತ್ತು. ಎದುರುಮನೆಯ ಕಿಟಕಿಯಲ್ಲೂ ಒಂದು ಡಬ್ಬಿ ಕಾಣುತ್ತಿತ್ತು. ರೇವತಿ ಸ್ಕೂಟಿ ನಿಲ್ಲಿಸಿದವಳೇ, ಬಿಳಿ ಗುಳಗಿ ಕೊಡಬೇಡಿ, ಎದುರುಮನೆಯವರೂ ಕೊಡುತ್ತಿದ್ದಾರೆ, ನಾಯಿ ರಕ್ತ ಕಾರಿ ಸಾಯುತ್ತದೆ ಎಂದು ಒಂದೇ ಉಸಿರಿಗೆ ಹೇಳಿದಳು. ನೀವು ಯಾರು ಎಂದು ಹೆಂಗಸು ಕೇಳಿದಳು. ಡಬ್ಬಿಯೊಳಗೆ ಮಾತಾಡುವವಳು ನಾನೇ ಎಂದಳು ರೇವತಿ.

ಹೆಂಗಸು ನಕ್ಕಳು. ಕಾಲಿನಿಂದ ನಾಯಿಯನ್ನು ಬಾಗಿಲ ಕಡೆ ನೂಕಿದಳು. ಒಳಗಿನ ಡಬ್ಬಿ ಮಾತಾಡಿತು. ಕರಿಯನ ಬೆನ್ನು ನೋಯುತ್ತಿದೆ, ಬಿಳಿ ಮಾತ್ರೆ ಒಂದು ಕೊಡಿ, ಊಟದ ಜೊತೆ ಕೊಡಿ.

"ಕೇಳಿದ್ರೇನು, ಎಷ್ಟ್ ಶಾಂತ ಮಾತಾಡ್ತಾರ ಅವರು. ಡಾಕ್ಟರು ಅಂದ್ರ ಹಂಗ ಇರ್ತಾರ. ನೀವು ಬಂದಾಗಿಂದ ಹೊಯ್ಕೊಳ್ಳಾಕತ್ತೀರಿ. ಅವರಷ್ಟ್ ನಿಮಗ ತಿಳೀತದೇನು?"

ರೇವತಿ ಮತ್ತೂ ಜೋರಾಗಿ ಕೂಗಿದಳು. ಕೂಗಿದಷ್ಟೂ ಅವಳ ದನಿ ಡಬ್ಬಿಯ ದನಿಯಿಂದ ದೂರ ಹೋಯಿತು. ಎದುರುಮನೆಯ ಗಂಡಸು ಹೊರಗೆ ಬಂದು, ಕಂಪನಿಯ ಮೇಲೆ ಹೊಟ್ಟೆಕಿಚ್ಚು ಇರುವವರು ಇಂಥವರನ್ನು ಕಳಿಸುತ್ತಾರೆ, ಹೋಗ್ರಿ ಎಂದ. ಹೆಂಗಸು ಸೊಪ್ಪಿನ ಬುಟ್ಟಿ ಬದಿಗಿಟ್ಟು ಎದ್ದು ಮಾತ್ರೆ ತರಲು ಒಳಗೆ ಹೋದಳು. ರೇವತಿ ಬಾಗಿ ನಾಯಿಯ ಪಟ್ಟಿಯನ್ನು ಕೈಯಿಂದಲೇ ಕಿತ್ತಳು. ನಾಯಿ ಅವಳ ಮುಂಗೈಗೆ ಬಾಯಿ ಹಾಕಿತು. ಗಂಡಸು ಹೊಡೆಯಲು ಬಂದ. ಪಟ್ಟಿಯನ್ನು ಗಟಾರಕ್ಕೆ ಎಸೆದು, ರಕ್ತ ಸೋರುವ ಕೈಯಲ್ಲೇ ಸ್ಕೂಟಿ ಹಿಡಿದು ಅವಳು ಅಲ್ಲಿಂದ ತಪ್ಪಿಸಿಕೊಂಡಳು. ಒಂದು ನಾಯಿ ಉಳಿಯಿತೋ ಏನೋ. ನಲ್ಲಿಯಲ್ಲಿ ಗಾಯವನ್ನು ಸಾಬೂನು ಹಚ್ಚಿ ತೊಳೆಯುತ್ತ, ಇಡೀ ಊರನ್ನು ಹೀಗೆ ಕಚ್ಚಿಸಿಕೊಂಡು ಉಳಿಸುವುದು ಸಾಧ್ಯವಿಲ್ಲ ಎಂದು ಅವಳಿಗೆ ಅರ್ಥವಾಯಿತು. ಚುಚ್ಚುಮದ್ದು ಹಾಕಿಸಿಕೊಂಡು, ಮೋತ್ಯಾನ ಬಾಟಲಿ ಬದಲಿಸಬೇಕೆಂದು ಮನೆಯ ಕಡೆ ತಿರುಗಿದಳು.

ಓಣಿಯಲ್ಲಿ ಜನ ಸೇರಿದ್ದರು. ಮೋತ್ಯಾ ತಲೆ ಎತ್ತಿತ್ತು. ಗೋಣಿಚೀಲ ಒದ್ದೆಯಾಗಿತ್ತು, ಉಚ್ಚೆ ಹೊಯ್ದಿತ್ತು. ರೇವತಿಗೆ ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಸರಾಗವಾಯಿತು. ಆದರೆ ಯಾರೂ ನಾಯಿಯನ್ನು ನೋಡುತ್ತಿರಲಿಲ್ಲ. ಎಲ್ಲರೂ ತಿಪ್ಪವ್ವನ ಬಾಗಿಲನ್ನು ನೋಡುತ್ತಿದ್ದರು.

"ತಿಪ್ಪವ್ವನವರ ಮನೆಯಲ್ಲಿ ಮೋತ್ಯಾನಿಗೆ ಅಳತೆ ಮೀರಿ ಮಾತ್ರೆ ಕೊಡಲಾಗಿದೆ. ಇದರ ಹೊಣೆ ಮನೆಯವರದು."

ಮೂರು ಮನೆಯ ಮಾತ್ರೆಯೂ ಯಂತ್ರದ ನೆನಪಿನಲ್ಲಿ ಮೊದಲು ಬರೆಸಿದ ತಿಪ್ಪವ್ವನ ಹೆಸರಿಗೇ ಬಿದ್ದಿತ್ತು. ಮಧ್ಯಾಹ್ನದಿಂದ ಡಬ್ಬಿ ಇದನ್ನೇ ಹೇಳುತ್ತಿದೆ ಎಂದು ಖಾದರಸಾಬ ಮೆಲ್ಲಗೆ ತಿಳಿಸಿದ. ರೊಟ್ಟಿ ಒಯ್ಯಲು ಬಂದವರು ಕೇಳಿಸಿಕೊಂಡು ಹಾಗೇ ತಿರುಗಿ ಹೋದರಂತೆ. ನಾಯಿ ಕೊಂದವಳ ಕೈಯ ರೊಟ್ಟಿ ಎಂದು ಒಬ್ಬಳು ಅಂದಳಂತೆ. ಗೌರವ್ವ ತಾನೂ ಮಾತ್ರೆ ಕೊಟ್ಟೆನೆಂದು ಹೇಳಲು ಹೋದರೆ, ನಿಮ್ಮ ಮಗಳೇ ಹೇಳುತ್ತಿದ್ದಾಳಲ್ಲ, ನೀವೇಕೆ ಮುಚ್ಚಿಡುತ್ತೀರಿ ಎಂದರಂತೆ.

ರೇವತಿ ಒಳಗೆ ನುಗ್ಗಿ ಗೂಡಿನಿಂದ ಡಬ್ಬಿಯನ್ನು ಕಿತ್ತು ನೆಲಕ್ಕೆ ಬಡಿದಳು. ಮಾತ್ರೆಗಳು ಮಣ್ಣಿನ ನೆಲದ ಮೇಲೆ ಚೆಲ್ಲಿದವು. ದನಿ ನಿಂತಿತು. ತಿಪ್ಪವ್ವ ಅದನ್ನು ನೋಡಲೂ ಇಲ್ಲ. ಅವಳು ಹಳೆಯ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಹಂಚು, ಹಿಟ್ಟು ನಾದುವ ಕೊಣಮಿಗೆ, ಎರಡು ಸೀರೆ. ಅಣ್ಣಿಗೇರಿಯ ಮಗಳ ಮನೆಗೆ ಹೊರಟಿದ್ದಳು.

"ಆಯಿ, ಅದು ನಾ ಹೇಳಿದ್ದಲ್ಲ," ಎಂದಳು ರೇವತಿ.

"ದನಿ ನಿಂದಲ್ಲೇನು?"

"ನಂದ. ಆದ್ರ ನಾ ಹೇಳಿಲ್ಲ. ಯಂತ್ರ ಹೇಳ್ಯದ."

ತಿಪ್ಪವ್ವ ಗಂಟು ಬಿಗಿದು ತಲೆ ಎತ್ತಿದಳು. ಬೆಳಗಿನ ಬಾಯಿ ಜೋರು ಎಲ್ಲಿಯೂ ಇರಲಿಲ್ಲ.

"ಗುಳಗಿ ಕೊಡು ಅಂದಾಗ ಯಾರು ಹೇಳಿದ್ದು, ರೇವಿ? ಆವಾಗ ನಿಂದು, ಈಗ ಯಂತ್ರದ್ದೇನು? ನಾ ಡಬ್ಬಿ ಮಾತು ಕೇಳಲಿಲ್ಲವ್ವ. ಡಬ್ಬಿಗೆ ನಾ ಯಾಕ ಕೇಳಲಿ. ನೀ ಅಂತೀ ಅಂತ ಕೊಟ್ಟೆ."

ಕೆಲಸ ಬಿಡುತ್ತೇನೆ, ಎಲ್ಲರ ಮುಂದೆ ನಿಜ ಹೇಳುತ್ತೇನೆ ಎಂದಳು ರೇವತಿ. ತಿಪ್ಪವ್ವ ಹೇಳು ಎಂದಳು. ಅಷ್ಟೇ ಅಂದಳು, ನಂಬಿದಳೆಂದೂ ಅಲ್ಲ, ನಂಬಲಿಲ್ಲವೆಂದೂ ಅಲ್ಲ.

ಮುದುಕಿ ಹೊರಗೆ ಬಂದು ಮೋತ್ಯಾನ ಕಾಲಿನ ಸೂಜಿ ತೆಗೆ ಎಂದು ಕೈ ಮಾಡಿದಳು. ಇನ್ನೊಂದು ಬಾಟಲಿ ಹೋಗಬೇಕು, ಎರಡು ದಿನ ಇಲ್ಲೇ ಇರಲಿ ಎಂದು ರೇವತಿ ಅಂದಳು. ಅಣ್ಣಿಗೇರಿಯಲ್ಲೂ ದನದ ದವಾಖಾನೆ ಇದೆ ಎಂದಳು ತಿಪ್ಪವ್ವ. ಖಾದರಸಾಬ ಎರಡು ಮಾತು ಹೇಳಿ ನೋಡಿದ, ಗೌರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ಬೆಳಗಿನದನ್ನು ಮರೆತುಬಿಡು ಎಂದಳು. ತಿಪ್ಪವ್ವ ಯಾರ ಮೇಲೂ ಸಿಟ್ಟಿಲ್ಲ ಎಂದಳು. ರೇವತಿ ಸೂಜಿ ತೆಗೆದು ಹತ್ತಿ ಒತ್ತಿ ಬಟ್ಟೆ ಸುತ್ತಿದಳು. ಮೂರು ದಿನ ಗಂಜಿ ಮಾತ್ರ, ಖಾರ ಬೇಡ, ಉಳ್ಳಾಗಡ್ಡಿ ಬೇಡ, ನೋವಿನ ಗುಳಗಿ ಯಾವುದೂ ಬೇಡ ಎಂದು ಹೇಳಲು ಶುರು ಮಾಡಿದಳು.

"ಸಾಕವ್ವ. ಇನ್ನ ನೀ ಏನೂ ಹೇಳಬ್ಯಾಡ," ಎಂದಳು ತಿಪ್ಪವ್ವ.

ಗಂಟನ್ನು ತಲೆಯ ಮೇಲಿಟ್ಟುಕೊಂಡು, ನಾಯಿಯನ್ನು ಮಗುವಿನಂತೆ ಎದೆಗೆ ಅವಚಿಕೊಂಡು ಅವಳು ನಡೆದಳು. ಮೋತ್ಯಾನ ಬಾಲ ಅವಳ ಮೊಣಕೈಯ ಕೆಳಗೆ ಜೋತಾಡುತ್ತಿತ್ತು. ಜನ ದಾರಿ ಬಿಟ್ಟರು. ಓಣಿಯ ತಿರುವಿನವರೆಗೆ ಖಾದರಸಾಬ ಹಿಂದೆ ಹೋದ, ಅಲ್ಲಿ ಅವಳು ಅವನಿಗೂ ನಿಲ್ಲು ಎಂದಳು. ಬಸ್ ನಿಲ್ದಾಣದ ರಸ್ತೆ ಹಿಡಿದು ಹೋದವಳು ತಿರುಗಿ ನೋಡಲಿಲ್ಲ.

ಕೆಲಸ ಬಿಟ್ಟ ರೇವತಿ ಎರಡು ಸಲ ಅಣ್ಣಿಗೇರಿಗೆ ಹೋಗಿ ಬಂದಳು. ಮೋತ್ಯಾ ಬದುಕಿತ್ತು. ತಿಪ್ಪವ್ವ ಚಹಾ ಕೊಟ್ಟು ಕಳಿಸಿದಳು. ಹುಬ್ಬಳ್ಳಿಯ ಆ ಮನೆಗೆ ಬೇರೆಯವರು ಬಂದರು, ಅವಳು ಬರಲಿಲ್ಲ.